ಪರದೇಶದ ಯುದ್ಧ ಮುಗಿದ ದಿನ ಪೇಪರಿನಲ್ಲಿ ಏನಿರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಒಂದು ದಿನಪತ್ರಿಕೆಯಲ್ಲಿ ಇಪ್ಪತ್ತು ವರ್ಷ ರಾತ್ರಿ ಡೆಸ್ಕ್‌ನಲ್ಲಿ ಕೂತವನು ನಾನು. ಈಗ ನಿವೃತ್ತ. ಬೆಳಿಗ್ಗೆ ಲೈಬ್ರರಿಗೆ ಹೋಗುತ್ತೇನೆ, ಅಲ್ಲಿ ಕೆಎಎಸ್, ಪಿಡಿಒ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಸಿಗುತ್ತಾರೆ. ಸಂಜೆ ರಾಂ ಅಂಡ್ ಕೋ ಸರ್ಕಲ್ ಹತ್ತಿರ ಚಹಾ ಕುಡಿಯುವಾಗ ನನ್ನ ವಯಸ್ಸಿನವರು ಸಿಗುತ್ತಾರೆ. ಟಿವಿಯಲ್ಲಿ ಎಲ್ಲೋ ಒಂದು ಕಡೆ "ಕದನ ವಿರಾಮ" ಅಂತ ಬಂದರೆ ಸಾಕು, ಎರಡೂ ಕಡೆ ನನಗೆ ಅವೇ ಪ್ರಶ್ನೆಗಳು. ಹೇಳಿ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ಯುದ್ಧ ಮುಗಿಯಿತು ಅಂತ ತೀರ್ಮಾನ ಮಾಡುವವರು ಯಾರು ಸರ್? ಪತ್ರಿಕೆಯವರಾ?

ನಮಗೆಲ್ಲಿ ಅಷ್ಟು ಅಧಿಕಾರ! ಯಾರೋ ಹೇಳುತ್ತಾರೆ, ನಾವು ಅಚ್ಚು ಹಾಕುತ್ತೇವೆ. ಆ "ಯಾರೋ" ಹೆಚ್ಚು ಪಾಲು ಗೆದ್ದವರೇ ಆಗಿರುತ್ತಾರೆ. ಸೋತವರ ಹತ್ತಿರ ಆ ಹೊತ್ತಿಗೆ ಮೈಕೂ ಇರುವುದಿಲ್ಲ, ಕೆಲವೊಮ್ಮೆ ಅವರೇ ಇರುವುದಿಲ್ಲ.

ಇನ್ನೊಂದು ಗೊಂದಲ ನಮ್ಮ ಡೆಸ್ಕ್‌ನವರೇ ಮಾಡಿಟ್ಟಿದ್ದು. ಸದ್ಯಕ್ಕೆ ಗುಂಡು ಹಾರಿಸುವುದನ್ನು ನಿಲ್ಲಿಸುವುದು ಬೇರೆ. ಒಂದು ಕಡೆಯವರು ಆಯುಧ ಕೆಳಗಿಟ್ಟು ಶರಣಾಗುವುದು ಬೇರೆ. ಎದುರು ಬದುರು ಕೂತು ಶಾಂತಿ ಒಪ್ಪಂದಕ್ಕೆ ಸಹಿ ಹಾಕುವುದು ಇನ್ನೂ ಬೇರೆ. ನಾವು ಮೂರಕ್ಕೂ "ಕದನ ವಿರಾಮ" ಅಂತ ಬರೆದು ಕೈ ತೊಳೆದುಕೊಳ್ಳುತ್ತಿದ್ದೆವು, ಎರಡು ಕಾಲಂ ಹೆಡ್ಡಿಂಗ್‌ಗೆ ಸರಿಯಾಗಿ ಕೂರುತ್ತದೆ ಅನ್ನುವ ಒಂದೇ ಕಾರಣಕ್ಕೆ. ಮೊದಲ ಮಹಾಯುದ್ಧದಲ್ಲಿ ಗುಂಡು ನಿಂತಿದ್ದು 1918ರ ನವೆಂಬರ್ 11ಕ್ಕೆ, ಜರ್ಮನಿಯ ಜೊತೆ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದಿದ್ದು 1919ರ ಜೂನ್ 28ಕ್ಕೆ. ಕೊರಿಯಾದಲ್ಲಿ 1953ರ ಜುಲೈ 27ರಂದು ಗುಂಡು ನಿಂತಿತು, ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ಕಾಗದದ ಲೆಕ್ಕದಲ್ಲಿ ಆ ಯುದ್ಧ ಮುಗಿದೇ ಇಲ್ಲ.

ಯುರೋಪಿನಲ್ಲಿ ಎರಡನೇ ಮಹಾಯುದ್ಧ ಮುಗಿದಿದ್ದು ಮೇ 7ಕ್ಕಾ, 8ಕ್ಕಾ, 9ಕ್ಕಾ? ಒಂದೊಂದು ಗೈಡ್‌ನಲ್ಲಿ ಒಂದೊಂದು ಇದೆ.

ಮೂರೂ ಸರಿ. ಪರೀಕ್ಷೆಗೆ ಮೇ 8 ಬರೆಯಿರಿ, ಆದರೆ ಮೂರು ಯಾಕಾಯಿತು ಅಂತ ತಿಳಿದುಕೊಳ್ಳಿ, ಕಥೆ ಚೆನ್ನಾಗಿದೆ.

1945ರ ಮೇ 7, ಬೆಳಗಿನ ಜಾವ 2 ಗಂಟೆ 41 ನಿಮಿಷ. ಫ್ರಾನ್ಸಿನ ರೀಮ್ಸ್ ಊರಿನ ಒಂದು ಶಾಲೆಯ ಕಟ್ಟಡ. ಐಸೆನ್‌ಹೋವರ್ ಅವರ ಸೇನಾ ಕಚೇರಿ ಅಲ್ಲೇ ಇತ್ತು. ಜರ್ಮನ್ ಸೇನಾಪತಿ ಯೋಡ್ಲ್ ಶರಣಾಗತಿಗೆ ಸಹಿ ಹಾಕಿದ. ಅದನ್ನು ನೋಡಲಿಕ್ಕೆ ಅಂತ 17 ಜನ ವರದಿಗಾರರನ್ನು ವಿಮಾನದಲ್ಲಿ ಕರೆದುಕೊಂಡು ಹೋಗಿದ್ದರು, ನಾವು ಹೇಳುವ ತನಕ ಸುದ್ದಿ ಬಿಡುವ ಹಾಗಿಲ್ಲ ಅಂತ ಮಾತು ತಗೊಂಡು. ಯಾಕೆಂದರೆ ಸ್ಟಾಲಿನ್‌ಗೆ ಬರ್ಲಿನ್‌ನಲ್ಲಿ ಇನ್ನೊಂದು ಸಲ, ತಮ್ಮವರ ಮುಂದೆ ಸಹಿ ಆಗಬೇಕಿತ್ತು. ಹೆಣ್ಣಿನ ಮನೆಯಲ್ಲಿ ಒಂದು, ಗಂಡಿನ ಮನೆಯಲ್ಲಿ ಒಂದು ಅಂತ ಎರಡು ಸಲ ಊಟ ಹಾಕಿಸುತ್ತಾರಲ್ಲ, ಹಾಗೆ.

ಆ 17 ಜನರಲ್ಲಿ ಅಸೋಸಿಯೇಟೆಡ್ ಪ್ರೆಸ್‌ನ ಎಡ್ವರ್ಡ್ ಕೆನಡಿ ಒಬ್ಬ. ಮಧ್ಯಾಹ್ನದ ಹೊತ್ತಿಗೆ ಜರ್ಮನ್ ರೇಡಿಯೋದಲ್ಲೇ ಶರಣಾಗತಿಯ ಸುದ್ದಿ ಬಂತು. ಸೋತವರೇ ಊರಿಗೆಲ್ಲಾ ಹೇಳುತ್ತಿದ್ದಾರೆ, ಇನ್ನು ಮುಚ್ಚಿಟ್ಟು ಯಾರ ಪ್ರಾಣ ಉಳಿಸಬೇಕು, ಇದು ಸೇನೆಯ ಗುಟ್ಟಲ್ಲ, ಬರೀ ರಾಜಕೀಯ ಅನ್ನಿಸಿತು ಅವನಿಗೆ. ಸೆನ್ಸಾರ್‌ನವರನ್ನು ಕೇಳಿದ, ಅವರು ಆಗಲ್ಲ ಅಂದರು. ಸೆನ್ಸಾರ್ ಇಲ್ಲದ ಫೋನ್ ಲೈನ್ ಹಿಡಿದು ಲಂಡನ್ ಕಚೇರಿಗೆ ಸುದ್ದಿ ಓದಿಬಿಟ್ಟ. ಜಗತ್ತಿಗೆಲ್ಲಾ ಗೊತ್ತಾಯಿತು. ಬಹುಮಾನ ಏನು ಸಿಕ್ಕಿತು ಗೊತ್ತಾ? ಕೆಲಸ ಹೋಯಿತು. ಅವನ ಸಂಸ್ಥೆ ಕ್ಷಮೆ ಕೇಳಿದ್ದು 2012ರಲ್ಲಿ. ಅಷ್ಟೊತ್ತಿಗೆ ಕೆನಡಿ ಸತ್ತು ಸುಮಾರು ಐವತ್ತು ವರ್ಷ.

ಬರ್ಲಿನ್‌ನ ಎರಡನೇ ಸಹಿ ಮೇ 8ರ ರಾತ್ರಿ ತಡವಾಗಿ ಆಯಿತು. ಮಾಸ್ಕೋದ ಗಡಿಯಾರದಲ್ಲಿ ಆಗಲೇ 9. ಹಾಗಾಗಿ ರಷ್ಯಾದವರಿಗೆ 9. ಜಪಾನ್ ಕಡೆ ಬಂದರೆ ಚಕ್ರವರ್ತಿ ರೇಡಿಯೋದಲ್ಲಿ ಮಾತಾಡಿದ್ದು ಆಗಸ್ಟ್ 15ಕ್ಕೆ, ಹಡಗಿನ ಮೇಲೆ ಸಹಿ ಆಗಿದ್ದು ಸೆಪ್ಟೆಂಬರ್ 2ಕ್ಕೆ. ಯಾವ ದಿನವನ್ನು "ಕೊನೆ" ಅನ್ನುತ್ತಾರೆ ಅನ್ನುವುದರಲ್ಲೇ ಹೇಳುವವರು ಎಲ್ಲಿ ನಿಂತಿದ್ದಾರೆ ಅಂತ ಗೊತ್ತಾಗುತ್ತದೆ.

ಮುಗಿಯದೇ ಇದ್ದ ಯುದ್ಧವನ್ನು ಮುಗಿಯಿತು ಅಂತ ಬರೆದಿದ್ದು ಇದೆಯಾ?

ಬೇಕಾದಷ್ಟು. ಎಲ್ಲಕ್ಕಿಂತ ದೊಡ್ಡದು 1918ರ ನವೆಂಬರ್ 7ರದ್ದು. ಯುನೈಟೆಡ್ ಪ್ರೆಸ್‌ನ ಮುಖ್ಯಸ್ಥ ರಾಯ್ ಹವರ್ಡ್ ಫ್ರಾನ್ಸಿನ ಬ್ರೆಸ್ಟ್ ಬಂದರಿನಲ್ಲಿದ್ದ. ಅಲ್ಲಿನ ಅಮೆರಿಕದ ಅಡ್ಮಿರಲ್ ಯುದ್ಧ ನಿಂತಿದೆ ಅಂತ ಹೇಳಿದ, ಇವನು ತಂತಿ ಕಳಿಸಿದ. ನ್ಯೂಯಾರ್ಕ್‌ನಲ್ಲಿ ಜನ ಬೀದಿಗಿಳಿದು ಕುಣಿದರು, ಕಾಗದದ ಚೂರು ಹಾರಿಸಿದರು. ಆಮೇಲೆ ನೋಡಿದರೆ ಸುಳ್ಳು. ನಾಲ್ಕು ದಿನ ಬಿಟ್ಟು ನಿಜವಾಗಿ ನಿಂತಾಗ ಅದೇ ಜನ ಮತ್ತೆ ಕುಣಿದರು. ಅಡ್ಮಿರಲ್ ಹೇಳಿದ ಮೇಲೆ ನಾನಾಗಿದ್ದರೂ ಕಳಿಸುತ್ತಿದ್ದೆ, ಅದನ್ನು ಒಪ್ಪಿಕೊಳ್ಳಬೇಕು.

2003ರ ಮೇ 1ಕ್ಕೆ ಬುಷ್ ಯುದ್ಧನೌಕೆಯ ಮೇಲೆ "ಕೆಲಸ ಮುಗಿಯಿತು" ಅನ್ನುವ ಬ್ಯಾನರ್ ಕೆಳಗೆ ನಿಂತು, ಇರಾಕಿನಲ್ಲಿ ಪ್ರಮುಖ ಕಾರ್ಯಾಚರಣೆ ಮುಗಿದಿದೆ ಅಂದರು. ಅಮೆರಿಕದ ಸೇನೆ ಅಲ್ಲಿಂದ ಹೊರಟಿದ್ದು 2011ರ ಡಿಸೆಂಬರ್‌ನಲ್ಲಿ, ಅದಾದ ಮೇಲೂ ಮತ್ತೆ ಹೋಯಿತು. 2016ರಲ್ಲಿ ಕೊಲಂಬಿಯಾದ್ದು ಇನ್ನೊಂದು ತಮಾಷೆ. ಸೆಪ್ಟೆಂಬರ್ 26ಕ್ಕೆ ದೊಡ್ಡ ಸಮಾರಂಭ ಮಾಡಿ ಗೆರಿಲ್ಲಾಗಳ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು, ಅರ್ಧ ಶತಮಾನದ ಯುದ್ಧ ಅಂತ್ಯ ಅಂತ ಎಲ್ಲ ಕಡೆ ಬಂತು, ಒಂದೇ ವಾರಕ್ಕೆ ಅಕ್ಟೋಬರ್ 2ರಂದು ಜನ ವೋಟು ಹಾಕಿ ಬೇಡ ಅಂದುಬಿಟ್ಟರು. ಆಮೇಲೆ ಒಪ್ಪಂದವನ್ನೇ ತಿದ್ದಿ ನವೆಂಬರ್‌ನಲ್ಲಿ ಮತ್ತೆ ಸಹಿ. ಆ ಮಧ್ಯೆ ಅಧ್ಯಕ್ಷರಿಗೆ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು.

ನಮ್ಮ ಕನ್ನಡ ಪತ್ರಿಕೆಗಳಿಗೆ ಈ ಸುದ್ದಿ ಎಲ್ಲಿಂದ ಬರುತ್ತದೆ? ಅಲ್ಲಿ ನಮ್ಮವರು ಇರುತ್ತಾರಾ?

ಇರುವುದಿಲ್ಲ. ಏಜೆನ್ಸಿಯಿಂದ ಬರುತ್ತದೆ. ಪಿಟಿಐ, ರಾಯಿಟರ್ಸ್, ಎಎಫ್‌ಪಿ, ಎಪಿ. ಸುದ್ದಿಯ ಶುರುವಿನಲ್ಲಿ ಒಂದು ಊರಿನ ಹೆಸರು, ಕಂಸದಲ್ಲಿ ಏಜೆನ್ಸಿ ಹೆಸರು ಇರುತ್ತದಲ್ಲ, ಅದನ್ನು ಯಾರೂ ಓದುವುದಿಲ್ಲ. ನಾನು ಹೇಳುವುದು, ಮೊದಲು ಅದನ್ನೇ ಓದಿ. ಶ್ರೀಲಂಕಾ ಯುದ್ಧದ ಕೊನೆಯಲ್ಲಿ ಸಾವು ಆಗಿದ್ದು ಮುಳ್ಳಿವಾಯ್ಕಾಲ್‌ನಲ್ಲಿ, ಸುದ್ದಿ ಬರೆದಿದ್ದು ಕೊಲಂಬೊದಲ್ಲಿ. ಮಧ್ಯೆ ಸುಮಾರು 300 ಕಿಲೋಮೀಟರ್. ಹರಪನಹಳ್ಳಿಯಲ್ಲಿ ಆದ ಗಲಾಟೆಯನ್ನು ಬೆಂಗಳೂರಿನಲ್ಲಿ ಕೂತು, ಪೊಲೀಸರು ಹೇಳಿದಷ್ಟನ್ನೇ ಬರೆದರೆ ಹೇಗಿರುತ್ತದೆ? ನೀವು ನಂಬುತ್ತೀರಾ?

ಏಜೆನ್ಸಿ ಸುದ್ದಿ ಇಂಗ್ಲಿಷಿನಲ್ಲಿ ಬರುತ್ತದೆ. ರಾತ್ರಿ ಹತ್ತೂವರೆ. ಪುಟ ಬಿಡಲು ಒಂದು ಗಂಟೆ ಇದೆ. ಕೈಯಲ್ಲಿ ಹೊನ್ನಾಳಿಯ ಅಪಘಾತ, ಎಪಿಎಂಸಿಯ ಮೆಕ್ಕೆಜೋಳದ ದರ, ಜಗಳೂರಿನ ನೀರಿನ ಸಮಸ್ಯೆ ಎಲ್ಲ ಇರುತ್ತವೆ. ಇದರ ನಡುವೆ ಉಪಸಂಪಾದಕ ಎಂಟು ನೂರು ಪದದ ಯುದ್ಧವನ್ನು ನೂರೈವತ್ತು ಪದಕ್ಕೆ ಇಳಿಸಬೇಕು. ಮೊದಲು ಹಾರಿಹೋಗುವುದು ಯಾವುದು ಅಂದರೆ "ಈ ಮಾಹಿತಿಯನ್ನು ಸ್ವತಂತ್ರವಾಗಿ ಖಚಿತಪಡಿಸಿಕೊಳ್ಳಲು ಆಗಿಲ್ಲ" ಅನ್ನುವ ಸಾಲು. ನಾನೇ ಅದೆಷ್ಟು ಸಲ ಹಾರಿಸಿದ್ದೇನೋ. ಜಾಗ ಇರುತ್ತಿರಲಿಲ್ಲ.

ನೀವೇ ತಪ್ಪು ಮಾಡಿದ್ದು ಇದೆಯಾ ಅಣ್ಣಾ? ಸುಮ್ನೆ ಬೇರೆಯವರದ್ದೇ ಹೇಳ್ತೀರಿ.

ಇದೆ. 2009ರ ಮೇ.

ಮೇ 16ರ ಶನಿವಾರ ಲೋಕಸಭೆ ಫಲಿತಾಂಶ. ನಮ್ಮ ಕ್ಷೇತ್ರದಲ್ಲಿ ಕೂದಲೆಳೆಯ ಅಂತರದ ಗೆಲುವು, ಊರೆಲ್ಲಾ ಅದೇ ಮಾತು. ಭಾನುವಾರ ಶ್ರೀಲಂಕಾದ ತಮಿಳು ಹುಲಿಗಳ ಕಡೆಯಿಂದ ಬಂದೂಕು ಮೌನವಾಗಿಸುತ್ತೇವೆ ಅನ್ನುವ ಹೇಳಿಕೆ ಬಂತು. ನಾವದನ್ನು ಒಳಪುಟಕ್ಕೆ ಹಾಕಿದೆವು. 1983ರಿಂದ ನಡೆದ ಯುದ್ಧದ ಕೊನೆಗೆ ನಮ್ಮ ಪೇಪರಿನಲ್ಲಿ ಸಿಕ್ಕಿದ್ದು ಒಂದು ಕಾಲಂ, ಅದೂ ಪಕ್ಕದಲ್ಲಿ ಗೆದ್ದವರಿಗೆ ಶುಭಾಶಯ ಕೋರುವ ಜಾಹೀರಾತು.

ಸೋಮವಾರ ಹುಲಿಗಳ ನಾಯಕ ಪ್ರಭಾಕರನ್ ಸತ್ತ ಅಂತ ಸುದ್ದಿ ಬಂತು. ಆಂಬುಲೆನ್ಸ್‌ನಲ್ಲಿ ತಪ್ಪಿಸಿಕೊಂಡು ಹೋಗುತ್ತಿದ್ದಾಗ ಸೇನೆ ಹೊಡೆದಿದೆ ಅಂತ. ಹೇಳಿದ್ದು ಮಿಲಿಟರಿ ಮೂಲಗಳು. ಯುದ್ಧ ನಡೆಯುವ ಜಾಗಕ್ಕೆ ಸ್ವತಂತ್ರವಾಗಿ ಹೋಗಲು ಪತ್ರಕರ್ತರನ್ನು ಬಿಟ್ಟೇ ಇರಲಿಲ್ಲ. ಅದೆಲ್ಲ ನನಗೆ ಗೊತ್ತಿತ್ತು. ಆದರೂ "ಆಂಬುಲೆನ್ಸ್‌ನಲ್ಲಿ ಓಡುತ್ತಿದ್ದಾಗ ಪ್ರಭಾಕರನ್ ಹತ" ಅಂತ ಐದು ಕಾಲಂ ಹೆಡ್ಡಿಂಗ್ ಕೊಟ್ಟೆ. ಅಷ್ಟಕ್ಕೇ ಬಿಡಲಿಲ್ಲ. ಪುಟ ಮಾಡುವ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಂಬುಲೆನ್ಸ್ ಚಿತ್ರ ಹಾಕಿಸಿ, ಈ ಕಡೆಯಿಂದ ಒಂದು ಬಾಣ, ಆ ಕಡೆಯಿಂದ ಒಂದು ಬಾಣ ಬಿಡಿಸಿದೆ. ಗಾಡಿ ಬಣ್ಣ ಬಿಳಿ ಇರಲಿ, ಕೆಂಪು ಲೈಟ್ ಹಾಕು ಅಂತೆಲ್ಲಾ ಹೇಳಿದ್ದು ನೆನಪಿದೆ. ನಾನೇ ಎದುರಿಗೆ ನಿಂತು ನೋಡಿದವನ ಹಾಗೆ.

ಮಂಗಳವಾರ ಶವ ತೋರಿಸಿದರು. ಸಿಕ್ಕಿದ್ದು ನಂದಿಕಡಲ್ ಹಿನ್ನೀರಿನ ದಡದಲ್ಲಿ ಅಂದರು. ಆಂಬುಲೆನ್ಸ್ ಮಾತೇ ಇಲ್ಲ. ಈಗೇನು ಮಾಡುವುದು ಅಂತ ಹಿರಿಯರೊಬ್ಬರನ್ನು ಕೇಳಿದೆ. "ಬಿಡ್ರೀ, ನಿನ್ನೆ ಪೇಪರ್ ಇವತ್ತು ಯಾರ್ ನೋಡ್ತಾರೆ" ಅಂದರು. ಶವ ಪತ್ತೆ ಅಂತ ಹೊಸ ಸುದ್ದಿ ಬರೆದೆವು, ಹಳೆಯದರ ಸುದ್ದಿ ಎತ್ತಲಿಲ್ಲ. ನಾಲ್ಕು ದಿನ ಬಿಟ್ಟು ಒಂದು ಪೋಸ್ಟ್ ಕಾರ್ಡ್ ಬಂತು. ಮಲೇಬೆನ್ನೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರದು. ಒಂದೇ ಸಾಲು: "ಮಾನ್ಯರೇ, ಸೋಮವಾರದ ಆಂಬುಲೆನ್ಸ್ ಎಲ್ಲಿಗೆ ಹೋಯಿತು?"

ಕಾರ್ಡನ್ನು ವಾಚಕರ ವಾಣಿಗೆ ಹಾಕಲಿಲ್ಲ. ನನ್ನ ಡ್ರಾಯರಿಗೆ ಹಾಕಿಕೊಂಡೆ.

ಒಂದೇ ಘಟನೆಯನ್ನು ಬೇರೆ ಬೇರೆ ದೇಶದವರು ಹೇಗೆ ಬರೆಯುತ್ತಾರೆ? ಒಂದು ಉದಾಹರಣೆ ಕೊಡಿ.

1971ರ ಡಿಸೆಂಬರ್ 16ಕ್ಕಿಂತ ಒಳ್ಳೆಯದು ಬೇಡ. ಢಾಕಾದ ರೇಸ್‌ಕೋರ್ಸ್ ಮೈದಾನದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿ, ನಮ್ಮ ಜನರಲ್ ಅರೋರಾ ಅವರ ಪಕ್ಕ ಕೂತು ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು. ಸುಮಾರು 93,000 ಜನ ಸೆರೆ. ಮರುದಿನ ನಮ್ಮಲ್ಲಿ ಯಾವ ಪೇಪರ್ ತೆಗೆದರೂ ಅದೇ. ಅದೇ ದಿನ ಕರಾಚಿಯ ಡಾನ್ ಪತ್ರಿಕೆಯ ದೊಡ್ಡ ಹೆಡ್ಡಿಂಗ್ "ಗೆಲ್ಲುವ ತನಕ ಯುದ್ಧ". ಅಲ್ಲಿನ ಅಧ್ಯಕ್ಷ ಯಾಹ್ಯಾ ಖಾನ್ ರೇಡಿಯೋದಲ್ಲಿ ಹಾಗಂದಿದ್ದರು. ಶರಣಾಗತಿ ಅನ್ನುವ ಮಾತಿನ ಬದಲು, ಅಲ್ಲಿನ ಎರಡೂ ಕಡೆಯ ಕಮಾಂಡರ್‌ಗಳ ನಡುವೆ ಒಂದು ಹೊಂದಾಣಿಕೆ ಆಗಿ ಪೂರ್ವದಲ್ಲಿ ಕಾದಾಟ ನಿಂತಿದೆ ಅಂತ ಸರ್ಕಾರದ ಪ್ರಕಟಣೆ. ಅರ್ಧ ದೇಶ ಹೋಗಿದೆ, ಜನಕ್ಕೆ ಸಿಕ್ಕಿದ್ದು "ಹೊಂದಾಣಿಕೆ". ಅಲ್ಲಿನ ಪತ್ರಕರ್ತರನ್ನು ಬೈಯುವುದು ಸುಲಭ. ಮಿಲಿಟರಿ ಸರ್ಕಾರದಲ್ಲಿ ಡೆಸ್ಕ್ ಮೇಲೆ ಕೂತವನ ಪಾಡು ಏನು ಅಂತಲೂ ಯೋಚಿಸಿ.

ಫ್ರಾನ್ಸಿನವರೇನು ಕಡಿಮೆಯಿಲ್ಲ. ಅಲ್ಜೀರಿಯಾದಲ್ಲಿ 1954ರಿಂದ 1962ರ ತನಕ ಹೊಡೆದಾಡಿದರು, ಅದನ್ನು ಕಾನೂನಿನಲ್ಲಿ "ಯುದ್ಧ" ಅಂತ ಒಪ್ಪಿದ್ದು 1999ರಲ್ಲಿ. ಅಲ್ಲಿಯ ತನಕ ಬರೀ "ಘಟನೆಗಳು", "ಕಾರ್ಯಾಚರಣೆ". ಶುರುವೇ ಆಗಿಲ್ಲ ಅಂದ ಮೇಲೆ ಮುಗಿಯುವುದು ಎಲ್ಲಿಂದ?

ಕನ್ನಡದಲ್ಲಿ ಬರೆಯುವಾಗ ಪಕ್ಷಪಾತ ಹೇಗೆ ಗೊತ್ತಾಗುತ್ತದೆ?

ಇದು ನನಗೆ ಇಷ್ಟದ ಪ್ರಶ್ನೆ. ಇಂಗ್ಲಿಷಿನವರಿಗಿಂತ ನಾವು ಬೇಗ ಸಿಕ್ಕಿಬೀಳುತ್ತೇವೆ. ಕ್ರಿಯಾಪದದ ಬಾಲ ನೋಡಿ ಸಾಕು. ಸದ್ದಾಂ ಹುಸೇನ್ ಅಧ್ಯಕ್ಷರಾಗಿದ್ದಾಗ ನಮ್ಮ ಡೆಸ್ಕ್‌ನಲ್ಲಿ "ಸದ್ದಾಂ ಹೇಳಿದ್ದಾರೆ" ಅಂತಲೇ ಬರೆಯುತ್ತಿದ್ದೆವು. 2003ರ ಡಿಸೆಂಬರ್‌ನಲ್ಲಿ ಗಡ್ಡ ಬಿಟ್ಟುಕೊಂಡು ನೆಲದ ಗುಂಡಿಯಲ್ಲಿ ಸಿಕ್ಕರಲ್ಲ, ಆ ರಾತ್ರಿಯೇ "ಸದ್ದಾಂ ಸಿಕ್ಕಿಬಿದ್ದ" ಆಗಿಹೋಯಿತು. ಯಾರೂ ಆದೇಶ ಮಾಡಲಿಲ್ಲ. ಕೈ ತಾನೇ ಬರೆಯಿತು. ಅದೇ ಸುದ್ದಿಯಲ್ಲಿ ಬುಷ್ "ಹೇಳಿದರು". ಸೋತವರಿಂದ ನಾವು ಮೊದಲು ಕಿತ್ತುಕೊಳ್ಳುವುದು ಬಹುವಚನವನ್ನು. ಮೇಲೆ ನೋಡಿ, ಈಗಲೂ ನನಗೆ ಯೋಡ್ಲ್ ಸಹಿ "ಹಾಕಿದ", ನಮ್ಮ ಎದುರಿಗೆ ಗೌರವದಿಂದ ಕೂತ ನಿಯಾಜಿ "ಹಾಕಿದರು". ಬರೆದ ಮೇಲೆ ಕಣ್ಣಿಗೆ ಬಿತ್ತು, ತಿದ್ದದೆ ಹಾಗೇ ಬಿಟ್ಟಿದ್ದೇನೆ.

ಇನ್ನೊಂದು, ನಗರದ ಹೆಸರಿನ ಮುಂದೆ ಬರುವ ಪದ. "ಪತನ" ಅಂದರೆ ಬಿದ್ದವರ ಕಡೆಯಿಂದ ನೋಡಿದ ಹಾಗೆ. "ವಶ" ಅಂದರೆ ಸ್ವಲ್ಪ ತಟಸ್ಥ. "ವಿಮೋಚನೆ" ಅಂದರೆ ಬಂದವರ ಕಡೆ. 1975ರ ಏಪ್ರಿಲ್ 30ಕ್ಕೆ ಅಮೆರಿಕದವರ ಸುದ್ದಿ ಓದಿದವರಿಗೆ ಸೈಗಾನ್ ಪತನವಾಯಿತು, ಹನೋಯ್‌ನವರಿಗೆ ದಕ್ಷಿಣ ವಿಯೆಟ್ನಾಂ ವಿಮೋಚನೆಯಾಯಿತು. ಊರು ಅದೇ, ಟ್ಯಾಂಕ್ ಅದೇ. ಹತ, ಬಲಿ, ಸಾವು, ಹುತಾತ್ಮ ಇವೂ ಹಾಗೇ, ಒಂದು ವಾರ ಪೆನ್ಸಿಲ್ ಹಿಡಿದುಕೊಂಡು ಪೇಪರ್ ಓದಿ, ನಾನು ಜಾಸ್ತಿ ಹೇಳಬೇಕಾಗಿಲ್ಲ.

ಫೋಟೋ ಸುಳ್ಳು ಹೇಳಲ್ಲ ಅಲ್ವಾ?

ಫೋಟೋ ಹೇಳಲಿಕ್ಕಿಲ್ಲ, ಅದರ ಕೆಳಗಿನ ಸಾಲು ಹೇಳುತ್ತದೆ. ಸೈಗಾನ್‌ನಲ್ಲಿ ಛಾವಣಿ ಮೇಲೆ ಹೆಲಿಕಾಪ್ಟರ್, ಏಣಿ ಮೇಲೆ ಜನರ ಸಾಲು, ಆ ಫೋಟೋ ಎಲ್ಲರೂ ನೋಡಿದ್ದೀರಿ. ತೆಗೆದಿದ್ದು ಹ್ಯೂಬರ್ಟ್ ವಾನ್ ಎಸ್, 1975ರ ಏಪ್ರಿಲ್ 29ರಂದು. ಅಮೆರಿಕದ ರಾಯಭಾರ ಕಚೇರಿ ಛಾವಣಿ ಅಂತ ದಶಕಗಟ್ಟಲೆ ಅಚ್ಚಾಯಿತು. ಅದು ಊರೊಳಗಿನ ಒಂದು ಅಪಾರ್ಟ್‌ಮೆಂಟ್. ತಾನು ಸರಿಯಾಗೇ ಬರೆದು ಟೋಕಿಯೋಗೆ ಕಳಿಸಿದ್ದೆ, ಅಲ್ಲಿನ ಡೆಸ್ಕ್‌ನವರು ಸರಿಯಾಗಿ ಓದಲಿಲ್ಲ ಅಂತ ಅವನು ಆಮೇಲೆ ಹೇಳಿಕೊಂಡ. ಡೆಸ್ಕ್‌ನವರ ಪರವಾಗಿ ನಾನು ಏನೂ ಹೇಳುವುದಿಲ್ಲ.

ಬರ್ಲಿನ್‌ನ ರೈಖ್‌ಸ್ಟಾಗ್ ಕಟ್ಟಡದ ಮೇಲೆ ಕೆಂಪು ಬಾವುಟ ಹಾರಿಸುವ ಫೋಟೋ ತೆಗೆದ ಸೋವಿಯತ್ ಫೋಟೋಗ್ರಾಫರ್ ಖಾಲ್ಡೇಯ್ ಬಾವುಟವನ್ನೂ ತಾನೇ ತಂದಿದ್ದ. ಆಮೇಲೆ ನೋಡಿದರೆ ಒಬ್ಬ ಸೈನಿಕನ ಎರಡೂ ಕೈಯಲ್ಲಿ ವಾಚು! ಲೂಟಿ ಮಾಡಿದ್ದು ಅಂತ ಗೊತ್ತಾಗುತ್ತದೆ ಅಂತ ಒಂದನ್ನು ಕೆರೆದು ತೆಗೆದರು. ಇನ್ನು ಬಾಗ್ದಾದ್‌ನ ಸದ್ದಾಂ ಪ್ರತಿಮೆ, 2003ರ ಏಪ್ರಿಲ್ 9. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಊರೆಲ್ಲಾ ಸೇರಿದ ಹಾಗೆ, ಮೇಲಿನಿಂದ ತೆಗೆದಿದ್ದರಲ್ಲಿ ಚೌಕದ ಬಹುಪಾಲು ಖಾಲಿ. ವಿದೇಶಿ ವರದಿಗಾರರು ಇಳಿದುಕೊಂಡಿದ್ದ ಹೋಟೆಲ್ ಆ ಚೌಕಕ್ಕೆ ಎದುರಿಗೇ ಇತ್ತು ಅನ್ನುವುದನ್ನೂ ಸೇರಿಸಿಕೊಳ್ಳಿ. ನಮ್ಮ ಹೈಸ್ಕೂಲ್ ಮೈದಾನದ ಸಭೆಗಳ ಫೋಟೋ ತೆಗೆಯುವವರಿಗೆ ಈ ವಿದ್ಯೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಸರಿಯಾಗಿ ಬರೆದವರು ಯಾರೂ ಇಲ್ಲವಾ?

ಇದ್ದಾರೆ. 1945ರ ಸೆಪ್ಟೆಂಬರ್ 2. ಟೋಕಿಯೋ ಕೊಲ್ಲಿಯಲ್ಲಿ ಮಿಸೌರಿ ಹಡಗಿನ ಮೇಲೆ ಜಪಾನ್ ಶರಣಾಗತಿ. ವರದಿಗಾರರ ದಂಡೇ ಅಲ್ಲಿ. ಆಸ್ಟ್ರೇಲಿಯಾದ ವಿಲ್‌ಫ್ರೆಡ್ ಬರ್ಚೆಟ್ ಮಾತ್ರ ಆ ಕಡೆ ತಲೆ ಹಾಕದೆ, ಅಪ್ಪಣೆ ಇಲ್ಲದೆ ಒಬ್ಬನೇ ರೈಲು ಹತ್ತಿದ. ಸೋತ ದೇಶದ ಸೈನಿಕರು ತುಂಬಿದ ರೈಲು, ಕೈಯಲ್ಲಿ ಟೈಪ್‌ರೈಟರ್, ಮರುದಿನ ಹಿರೋಶಿಮಾ. ಬಾಂಬ್ ಬಿದ್ದು ಸುಮಾರು ತಿಂಗಳಾಗಿತ್ತು. ಮೈಮೇಲೆ ಗಾಯವೇ ಇಲ್ಲದವರು ಆಸ್ಪತ್ರೆಯಲ್ಲಿ ಕೂದಲು ಉದುರಿ, ರಕ್ತ ಕಾರಿ ಸಾಯುತ್ತಿದ್ದರು. ಸೆಪ್ಟೆಂಬರ್ 5ಕ್ಕೆ ಲಂಡನ್ನಿನ ಡೈಲಿ ಎಕ್ಸ್‌ಪ್ರೆಸ್‌ನಲ್ಲಿ ಬಂತು. ಅಮೆರಿಕದ ಅಧಿಕಾರಿಗಳು ವಿಕಿರಣದಿಂದ ಸಾವು ಅನ್ನುವುದನ್ನೇ ತಳ್ಳಿಹಾಕಿದರು.

ಎಲ್ಲರೂ ಸಮಾರಂಭಕ್ಕೆ ಹೋದಾಗ ಅವನು ಸಮಾರಂಭಕ್ಕೆ ಕಾರಣವಾದ ಊರಿಗೆ ಹೋದ. ನನ್ನ ಪ್ರಕಾರ ಆ ವಾರದ ಸುದ್ದಿ ಅದೊಂದೇ.

ಕೆಲವು ಯುದ್ಧಗಳು ಮುಗಿದಿದ್ದೇ ನಮಗೆ ಗೊತ್ತಾಗುವುದಿಲ್ಲ, ಯಾಕೆ?

ನಮ್ಮ ಅಡುಗೆ ಮನೆಗೆ ಬರದ ಯುದ್ಧ ನಮ್ಮ ಪೇಪರಿಗೂ ಬರುವುದಿಲ್ಲ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಈ ಕಡೆಯ ಎಷ್ಟೋ ಮನೆಯ ಮಕ್ಕಳು ಅಲ್ಲಿ ಮೆಡಿಕಲ್ ಓದುತ್ತಿದ್ದರು. ಜೊತೆಗೆ ನಮ್ಮ ದೇಶಕ್ಕೆ ಸೂರ್ಯಕಾಂತಿ ಎಣ್ಣೆ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ಮೆಣಸಿನಕಾಯಿ ಬಜ್ಜಿ ಕರಿಯುವವನಿಗೂ ಆ ಯುದ್ಧ ಗೊತ್ತಾಯಿತು. ಅದೇ ವರ್ಷ ನವೆಂಬರ್ 2ಕ್ಕೆ ಇಥಿಯೋಪಿಯಾದ ಟಿಗ್ರೇ ಯುದ್ಧ ನಿಲ್ಲಿಸುವ ಒಪ್ಪಂದ ಪ್ರಿಟೋರಿಯಾದಲ್ಲಿ ಆಯಿತು. ಸತ್ತವರು 6 ಲಕ್ಷದವರೆಗೆ ಇರಬಹುದು ಅಂತ ಮಾತುಕತೆ ನಡೆಸಿದ ಒಬಾಸಾಂಜೊ ಅವರೇ ಆಮೇಲೆ ಹೇಳಿದರು. ನೀವು ಕೇಳಿದ್ದೀರಾ? ಲೈಬ್ರರಿಯಲ್ಲಿ ಹತ್ತು ಜನರನ್ನು ಕೇಳಿದೆ, ಒಬ್ಬಳಿಗೆ ಗೊತ್ತಿತ್ತು.

ಕೆಲವೊಮ್ಮೆ ಕಾರಣ ಇನ್ನೂ ಸಣ್ಣದು. ಕಾಬೂಲ್ ತಾಲಿಬಾನ್ ಕೈಗೆ ಹೋಗಿದ್ದು 2021ರ ಆಗಸ್ಟ್ 15ಕ್ಕೆ. ನಮ್ಮಲ್ಲಿ ಬಹಳ ಪತ್ರಿಕೆಗಳಿಗೆ ಅವತ್ತು ರಜೆ, ಮರುದಿನ ಸಂಚಿಕೆ ಇಲ್ಲ. ಇಪ್ಪತ್ತು ವರ್ಷದ ಯುದ್ಧ ಮುಗಿದ ಮರುದಿನ ಬೆಳಿಗ್ಗೆ ನಮ್ಮ ಬೀದಿಗೆ ಪೇಪರ್ ಹುಡುಗನೇ ಬರಲಿಲ್ಲ.

ನಮ್ಮ ಕಡೆಯ ಯುದ್ಧ ಮುಗಿದಾಗ ಅವರು ಹೇಗೆ ಬರೆದರು?

ಇದನ್ನು ಕೇಳಿದ್ದು ಚನ್ನಗಿರಿಯ ಹುಡುಗಿ. ಟಿಗ್ರೇ ಗೊತ್ತಿದ್ದವಳೂ ಅವಳೇ.

1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತರು. (ಪತನ ಅನ್ನಲಾ, ವಶ ಅನ್ನಲಾ ಅಂತ ಒಂದು ನಿಮಿಷ ಕೂತೆ, ಕೊನೆಗೆ "ಬಿತ್ತು" ಅಂತ ಬರೆದೆ.) ಸುದ್ದಿ ಹಡಗಿನಲ್ಲಿ ಹೋಗಿ ಲಂಡನ್ ಮುಟ್ಟಿದ್ದು ಸೆಪ್ಟೆಂಬರ್‌ನಲ್ಲಿ. ನಮ್ಮ ಯುದ್ಧ ಅವರಿಗೆ ಪರದೇಶದ ಸುದ್ದಿ, ಅಷ್ಟೇ. ಕ್ರೂರಿ ಸುಲ್ತಾನ ಸತ್ತ, ಕಂಪನಿ ಗೆದ್ದಿತು, ಯುದ್ಧ ಮುಗಿಯಿತು. ಮರುವರ್ಷ ರಾಬರ್ಟ್ ಕೆರ್ ಪೋರ್ಟರ್ ಅನ್ನುವ ಕಲಾವಿದ ಕೋಟೆ ಹಿಡಿಯುವ ದೃಶ್ಯವನ್ನು ಸುಮಾರು 120 ಅಡಿ ಉದ್ದದ ಚಿತ್ರ ಬರೆದು ಲಂಡನ್‌ನಲ್ಲಿ ಪ್ರದರ್ಶನಕ್ಕಿಟ್ಟ. ದುಡ್ಡು ಕೊಟ್ಟು ಜನ ನೋಡಿದರು. ಆ ಪುಣ್ಯಾತ್ಮ ಅಷ್ಟೊತ್ತಿಗೆ ಭಾರತವನ್ನೇ ನೋಡಿರಲಿಲ್ಲ. ನನ್ನ ಆಂಬುಲೆನ್ಸ್‌ಗೆ ಅವನೇ ಮೂಲಪುರುಷ ಅನ್ನಬಹುದು.

ಈಗ ಈ ಕಡೆ ನೋಡಿ. ಚನ್ನಗಿರಿಯವನೇ ಆದ ಧೋಂಡಿಯಾ ವಾಘ್ ಟಿಪ್ಪುವಿನ ಸೆರೆಯಲ್ಲಿದ್ದ. ಕೋಟೆ ಬಿದ್ದ ಗಲಾಟೆಯಲ್ಲಿ ಹೊರಗೆ ಬಂದ. ಕೆಲಸ ಕಳೆದುಕೊಂಡ ಟಿಪ್ಪುವಿನ ಸೈನಿಕರು ಬೇಕಾದಷ್ಟು ಜನ ಇದ್ದರು, ಅವರನ್ನು ಸೇರಿಸಿಕೊಂಡು ಶಿಕಾರಿಪುರ, ಬಿದನೂರು ಸೀಮೆಯಲ್ಲಿ ಕಂಪನಿಗೆ ಎದುರು ನಿಂತ. ತಾನು "ಉಭಯ ಲೋಕಾಧೀಶ್ವರ" ಅಂತ ಕರೆದುಕೊಂಡ. ಎರಡು ಲೋಕ! ಅವನನ್ನು ಬೆನ್ನಟ್ಟಿದ್ದು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದನಲ್ಲ, ಅದೇ ವೆಲ್ಲೆಸ್ಲಿ. ಹರಿಹರದ ಹತ್ತಿರ ತುಂಬಿದ ತುಂಗಭದ್ರೆ ದಾಟಿ, ಮಳೆಗಾಲವಿಡೀ ಓಡಾಡಿ, 1800ರ ಸೆಪ್ಟೆಂಬರ್ 10ಕ್ಕೆ ಕೋಣಗಲ್ ಅನ್ನುವಲ್ಲಿ ಧೋಂಡಿಯಾನನ್ನು ಕೊಂದರು.

ಲಂಡನ್ನಿನವರ ಲೆಕ್ಕದಲ್ಲಿ ಯುದ್ಧ ಮುಗಿದು ಹದಿನಾರು ತಿಂಗಳಾಗಿತ್ತು. ಹರಿಹರದ ರೈತನಿಗೆ ಯಾವಾಗ ಮುಗಿಯಿತು? ಅವನ ಹೊಲದಲ್ಲಿ ಎರಡೂ ಕಡೆಯ ಕುದುರೆಗಳು ಮೇಯ್ದು ಹೋದ ಮೇಲೆ. ಅದು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಆ ಹುಡುಗಿ ಅಪ್ಪನನ್ನು ಕೇಳಿದಳಂತೆ, ಧೋಂಡಿಯಾ ಹೆಸರನ್ನೇ ಅವರು ಕೇಳಿರಲಿಲ್ಲ.

ಸತ್ತವರ ಸಂಖ್ಯೆ ಯಾವುದನ್ನು ನಂಬಬೇಕು?

ಮೊದಲ ದಿನದ್ದು ಯಾವುದನ್ನೂ ಬೇಡ. ಶ್ರೀಲಂಕಾ ಸರ್ಕಾರ ಆಗ ನಾಗರಿಕರ ಸಾವು ಸೊನ್ನೆ ಅನ್ನುವ ಧಾಟಿಯಲ್ಲೇ ಮಾತಾಡಿತು. 2011ರಲ್ಲಿ ವಿಶ್ವಸಂಸ್ಥೆಯ ತಜ್ಞರ ಸಮಿತಿ 40,000 ತನಕ ಇರಬಹುದು ಅಂತ ಹೇಳಿತು. 1971ರ ಬಾಂಗ್ಲಾ ಯುದ್ಧಕ್ಕೆ ಅವರ ಸರ್ಕಾರ ಹೇಳುವುದು 30 ಲಕ್ಷ, ಪಾಕಿಸ್ತಾನದ ಹಮೂದುರ್ ರೆಹಮಾನ್ ಆಯೋಗದ ಪ್ರಕಾರ 26,000. ನಡುವಿನ ಒಂದು ಅಂಕಿ ಹಿಡಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಯಾರು ಎಣಿಸಿದರು, ಹೇಗೆ ಎಣಿಸಿದರು ಅಂತ ಕೇಳಿ. ಪರೀಕ್ಷೆಯಲ್ಲಿ ಮಾತ್ರ ಗೈಡ್‌ನಲ್ಲಿ ಇದ್ದದ್ದನ್ನೇ ಬರೆಯಿರಿ, ಮಾರ್ಕ್ಸ್ ಕಳೆದುಕೊಂಡು ನನ್ನ ಹತ್ತಿರ ಬರಬೇಡಿ.

ಪೇಪರಿನವರದ್ದು ಬರೀ ಸುಳ್ಳು ಅಂತ ಓದುವುದನ್ನೇ ಬಿಟ್ಟರೆ?

ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸೇನೆಯಲ್ಲಿದ್ದ ಹಿರೂ ಒನೋಡಾ ಹಾಗೇ ಮಾಡಿದ. ಫಿಲಿಪೈನ್ಸ್‌ನ ಲುಬಾಂಗ್ ದ್ವೀಪದ ಕಾಡಿನಲ್ಲಿದ್ದ. ಯುದ್ಧ ಮುಗಿದಿದೆ ಬಾರಪ್ಪಾ ಅಂತ ಕರಪತ್ರ ಉದುರಿಸಿದರು, ಹುಡುಕಲು ಬಂದವರು ಜಪಾನಿನ ಪತ್ರಿಕೆಗಳನ್ನೂ ಕಾಡಿನಲ್ಲಿ ಬಿಟ್ಟು ಹೋದರು. ಓದಿದ, ಎಲ್ಲ ಶತ್ರುಗಳು ಅಚ್ಚು ಹಾಕಿಸಿದ ನಕಲಿ ಅಂದುಕೊಂಡ. ಹಳೆಯ ಅಧಿಕಾರಿಯೇ ಹೋಗಿ ಆದೇಶ ಓದಿದ ಮೇಲೆ 1974ರ ಮಾರ್ಚ್‌ನಲ್ಲಿ ಹೊರಗೆ ಬಂದ. ಅಷ್ಟರಲ್ಲಿ ಸುತ್ತಲಿನ ಹಳ್ಳಿಯವರು ಎಷ್ಟೋ ಜನ ಅವನ ಗುಂಪಿನ ಗುಂಡಿಗೆ ಸತ್ತಿದ್ದರು. ನಾನು ಮಾಡಿದ ತಪ್ಪಿಗೆ ನೀವು ಕಾಡು ಸೇರಬೇಡಿ.

ಮೊಬೈಲ್‌ನಲ್ಲೇ ಎಲ್ಲ ನೇರ ಬರುತ್ತದಲ್ಲ, ಇನ್ನೂ ಪೇಪರ್ ಯಾಕೆ?

ಬೇಗ ಬರುತ್ತದೆ, ಹೌದು. ನನ್ನ ಆಂಬುಲೆನ್ಸ್‌ಗೆ ಒಂದು ರಾತ್ರಿ ಬೇಕಾಯಿತು, ಈಗ ಐದು ನಿಮಿಷ ಸಾಕು.

ಹಳೆಯ ಪೇಪರ್ ನೋಡಬೇಕು. ಎಲ್ಲಿ ಸಿಗುತ್ತದೆ, ಯಾವ ದಿನದ್ದು ಕೇಳಬೇಕು?

ದೊಡ್ಡ ಲೈಬ್ರರಿಗಳಲ್ಲಿ ತಿಂಗಳವಾರು ಹೊಲಿದು ರಟ್ಟು ಹಾಕಿ ಇಟ್ಟಿರುತ್ತಾರೆ. ಕೇಳಿದರೆ ತೆಗೆದುಕೊಡುತ್ತಾರೆ. ಸ್ವಲ್ಪ ತಾಳ್ಮೆ ಬೇಕು, ಮೂಗಿಗೆ ಕರ್ಚೀಫ್ ಬೇಕು, ಧೂಳು ಜಾಸ್ತಿ. ಯುದ್ಧ ಮುಗಿದ ಮರುದಿನದ್ದು ಎಲ್ಲರೂ ಕೇಳುತ್ತಾರೆ. ನೀವು ಮೂರು ವಾರ ಬಿಟ್ಟು ಬಂದ ಸಂಚಿಕೆ ಕೇಳಿ, ಅದೂ ಒಳಪುಟ. ಶ್ರೀಲಂಕಾದ್ದಾದರೆ ಮುಳ್ಳುತಂತಿಯ ಹಿಂದೆ ಇದ್ದ ಸುಮಾರು ಎರಡೂಮುಕ್ಕಾಲು ಲಕ್ಷ ನಿರಾಶ್ರಿತರ ಸುದ್ದಿ ಅಲ್ಲೆಲ್ಲೋ ಎರಡು ಇಂಚಿನಲ್ಲಿ ಇರುತ್ತದೆ. ಆ ಹೊತ್ತಿಗೆ ಕ್ಯಾಮೆರಾದವರೆಲ್ಲ ಬೇರೆ ಊರಿಗೆ ಹೋಗಿರುತ್ತಾರೆ.

2009ರ ಮೇ 19ರ ಸಂಚಿಕೆ ತೆಗೆದರೆ ಬಾಣಗಳನ್ನು ಎಣಿಸಿ ನೋಡಿ. ಎರಡೋ ಮೂರೋ, ನನಗೆ ಮರೆತಿದೆ.